ಕಿತ್ತು ಹಾಕಿದ ಚುಕ್ಕಿಗಳು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ. ತಾಲ್ಲೂಕಿಗೊಬ್ಬರಂತೆ ನಾವು ನಾಲ್ವರು ಸೇರಿ ಮಿನಿ ಪ್ರಾಜೆಕ್ಟಿಗೆ ಆರಿಸಿಕೊಂಡದ್ದು ಸೌರಜ್ವಾಲೆ. ಆದಿತ್ಯ-ಎಲ್1 ಹಾರಿದ ಹುಮ್ಮಸ್ಸು, ಜೊತೆಗೆ ಅದರ ಸೋಲೆಕ್ಸ್ ಉಪಕರಣ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲೇ ತಯಾರಾದದ್ದು ಅನ್ನೋ ಹೆಮ್ಮೆ. ಡೇಟಾ ಮಾತ್ರ ಅಮೆರಿಕದ ಗೋಸ್ ಉಪಗ್ರಹಗಳದ್ದು. ದಶಕಗಳ ಪಟ್ಟಿ ಒಂದೇ ಕಡೆ ಸಿಗುತ್ತಲ್ಲ, ಅದಕ್ಕೆ.

ಎಕ್ಸ್-ರೇ ತೀವ್ರತೆ ನೋಡಿ ಜ್ವಾಲೆಗಳಿಗೆ ಎ, ಬಿ, ಸಿ, ಎಂ, ಎಕ್ಸ್ ಅಂತ ದರ್ಜೆ. ಮೆಟ್ಟಿಲಿಗೆ ಹತ್ತು ಪಟ್ಟು. 11 ವರ್ಷದ ಸೌರಚಕ್ರವೊಂದರಲ್ಲಿ ಎಂ1 ಮಟ್ಟದವು ಸುಮಾರು 2000, ಎಕ್ಸ್1 ಸುಮಾರು 175, ಎಕ್ಸ್10 ಬರೀ 8. ಲಾಗ್-ಲಾಗ್ ಗ್ರಾಫಿನಲ್ಲಿ ಹೆಚ್ಚುಕಡಿಮೆ ನೇರ ಗೆರೆ, ಅಂದ್ರೆ ಪವರ್ ಲಾ. ಇಲ್ಲಿ 'ಸರಾಸರಿ ಜ್ವಾಲೆ' ಅನ್ನೋ ಮಾತಿಗೆ ಅರ್ಥವೇ ಕಡಿಮೆ.

ನಮ್ಮ ಗೆರೆ ಮಾತ್ರ ಬಲತುದಿಯಲ್ಲಿ ಒದ್ದಾಡುತ್ತಿತ್ತು. ದೊಡ್ಡವು ಬೆರಳೆಣಿಕೆಯಷ್ಟು, ಚುಕ್ಕಿಗಳು ದಿಕ್ಕಾಪಾಲು. 'ಔಟ್‌ಲೈಯರ್' ಅಂತ ಹೆಸರಿಟ್ಟು ಕಿತ್ತು ಹಾಕಿದ್ವಿ. ಆರ್-ಸ್ಕ್ವೇರ್ ಫಳಫಳ ಹೊಳೆಯಿತು. ರಿಪೋರ್ಟ್ ಕೊಟ್ಟೂ ಆಯ್ತು.

2024ರ ಅಕ್ಟೋಬರ್ 2, ಮಹಾಲಯ ಅಮಾವಾಸ್ಯೆ ರಜೆ. ಶ್ರೀನಿವಾಸಪುರದ ಗೆಳೆಯನ ಮನೆಯಲ್ಲಿ ಊಟ. ಗ್ರಾಫ್ ತೋರಿಸಿ ಜಂಬ ಕೊಚ್ಚಿದಾಗ ಮಾವಿನ ತೋಟದ ಅವರಪ್ಪ ಕೇಳಿದ್ದು ಇಷ್ಟೇ: "ದೊಡ್ಡವನ್ನೆಲ್ಲ ಯಾಕಪ್ಪಾ ತೆಗೆದ್ರಿ? ಆಲಿಕಲ್ಲು ಬಿದ್ದ ರಾತ್ರಿ ಬಿಟ್ಟು ಲೆಕ್ಕ ಹಾಕಿದ್ರೆ ನಮ್ದೂ ಪ್ರತಿ ವರ್ಷ ಲಾಭಾನೇ."

ನಕ್ಕು ಸುಮ್ಮನಾದ್ವಿ. ಮಾರನೇ ದಿನ ಕ್ಲಾಸಿಗೆ ಚಕ್ಕರ್. ಸಂಜೆ ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡೀತಿದ್ವಿ, ಪಡುವಣದಲ್ಲಿ ಸೂರ್ಯ ಇನ್ನೇನು ಮುಳುಗೋನು. 5:48ಕ್ಕೆ ಎಕ್ಸ್9.0 ಜ್ವಾಲೆ, ಈ ಸೌರಚಕ್ರದಲ್ಲಿ ಅಲ್ಲಿವರೆಗಿನ ಅತಿ ದೊಡ್ಡದು. ನಮಗೆ ಏನೂ ಗೊತ್ತಾಗಲಿಲ್ಲ. ರಾತ್ರಿ ಮೊಬೈಲಿನಲ್ಲಿ ಸುದ್ದಿ ನೋಡಿದಾಗ ಹೊಳೆದದ್ದು, ನಮ್ಮ ಕೋಡ್ ಇದನ್ನೂ ಕಿತ್ತು ಬಿಸಾಕುತ್ತಿತ್ತು.

ಕತ್ತರಿಸಬೇಕಾದದ್ದು ಎಡತುದಿಯನ್ನು. ಸೂರ್ಯ ಚುರುಕಾಗಿದ್ದಾಗ ಅವನ ಹಿನ್ನೆಲೆ ಎಕ್ಸ್-ರೇಯಲ್ಲೇ ಸಣ್ಣ ಜ್ವಾಲೆಗಳು ಮುಚ್ಚಿಹೋಗುತ್ತವೆ, ಅಲ್ಲಿನ ಎಣಿಕೆ ಅರೆಬರೆ. ನಾವು ಮಾಡಿದ್ದು ತದ್ವಿರುದ್ಧ. ದೊಡ್ಡವುಗಳಲ್ಲೂ ತೊಡಕಿದೆ ಅನ್ನಿ: 2003ರ ನವೆಂಬರ್ 4ರ ಜ್ವಾಲೆಗೆ ಉಪಗ್ರಹದ ಸಂವೇದಕವೇ ತುಂಬಿಹೋಗಿ, ಎಕ್ಸ್28 ಅಂತ ಅಂದಾಜು ಕಟ್ಟಬೇಕಾಯಿತು. ಹಾಗಂತ ಅದು ನಡೆದೇ ಇಲ್ಲ ಅನ್ನೋಕಾಗುತ್ತಾ?

ಶುಕ್ರವಾರ ಗೈಡ್ ಮೇಡಂ ಮುಂದೆ ನಾಲ್ವರೂ ತಲೆ ತಗ್ಗಿಸಿ ನಿಂತು ರಿಪೋರ್ಟ್ ವಾಪಸ್ ಕೇಳಿದ್ವಿ. ಈಗಿನ ಗ್ರಾಫಿನಲ್ಲಿ ಆರ್-ಸ್ಕ್ವೇರ್ ಇಳಿದಿದೆ. ಬಲತುದಿಯ ಚುಕ್ಕಿಗಳು ಮತ್ತೆ ದಿಕ್ಕಾಪಾಲು. ಅಕ್ಟೋಬರ್ 3ರದ್ದರ ಪಕ್ಕ ಕೆಂಪು ಪೆನ್ನಿನಲ್ಲಿ 'ಟೀ' ಅಂತ ಬರೆದವರು ಮಾಲೂರಿನವರು.