ಆರ್ಕಿಡ್ ಗಿಡಗಳ ಇರುಳೂಟ

ನಮ್ಮ ಗುಂಡ್ಲುಪೇಟೆಯ ಸೀಮೆಯಲ್ಲಿ ಮಾಘ ಕಳೆದು ಫಾಲ್ಗುಣ ಬಂದಿತೆಂದರೆ ಬಂಡೀಪುರದ ಅಡವಿಯು ಎಲೆಯುದುರಿಸಿ ಬೋಳಾಗಿ ನಿಲ್ಲುವುದು. ಮತ್ತಿ, ದಿಂಡಿಗ, ತೇಗಗಳಂತಹ ಹೆಮ್ಮರಗಳೇ ನೀರನ್ನು ಉಳಿಸಿಕೊಳ್ಳುವುದಕ್ಕಾಗಿ ಎಲೆಗಳನ್ನು ತ್ಯಜಿಸುವ ಇಂತಹ ಕಾಡುಗಳಲ್ಲಿ, ಮಣ್ಣಿನ ಆಸರೆಯೇ ಇಲ್ಲದೆ ಕೊಂಬೆಗೆ ಬೇರು ಬಿಗಿದು ಬದುಕುವ ಮರಬಾಳೆ, ಸೀತಾಳೆ ದಂಡೆ ಮೊದಲಾದ ಆರ್ಕಿಡ್ ಗಿಡಗಳು ಮಾತ್ರ ಹಸುರಾಗಿಯೇ ಇರುವುವು. ಜನರು ಇವನ್ನು ಬಂದಳಿಕೆಯೆಂದು ತಪ್ಪಾಗಿ ತಿಳಿಯುವುದುಂಟು. ಬಂದಳಿಕೆಯು ಮರದ ರಸವನ್ನು ಹೀರುವುದು; ಇವಾದರೋ ಮರದಿಂದ ನೆಲೆಯನ್ನಲ್ಲದೆ ಬೇರೇನನ್ನೂ ಬೇಡವು. ಹಾಗಾದರೆ ಇವುಗಳ ಆಹಾರವೇನು? ಈ ಪ್ರಶ್ನೆಯು ನಮ್ಮ ಮನೆಯಲ್ಲಿ ಒಂದು ದೊಡ್ಡ ಚರ್ಚೆಗೆ ಕಾರಣವಾಯಿತು.

ಪತಿವಿಯೋಗವಾದ ಮೇಲೆ ನಮ್ಮಲ್ಲಿಗೆ ಬಂದು ನೆಲಸಿದ ನಮ್ಮ ಅಕ್ಕನವರಿಗೆ ಹನ್ನೊಂದು ಆರ್ಕಿಡ್ ಕುಂಡಗಳೇ ಸಂಗಾತಿಗಳು. ಅವುಗಳಲ್ಲಿ ಕಾಡಿನಿಂದ ಕಿತ್ತು ತಂದುದು ಒಂದೂ ಇಲ್ಲ. ರಾಷ್ಟ್ರೀಯ ಉದ್ಯಾನದ ಗಿಡವನ್ನು ಕೀಳುವುದು 1972ರ ವನ್ಯಜೀವಿ ಸಂರಕ್ಷಣಾ ಶಾಸನಕ್ಕೆ ವಿರುದ್ಧವಷ್ಟೆ. ಆದಕಾರಣ ಎಲ್ಲವನ್ನೂ ಬೆಂಗಳೂರಿನ ಸಸಿತೋಟದಲ್ಲಿ ಬೆಲೆಕೊಟ್ಟು ಕೊಂಡುದಾಯಿತು. ಅವುಗಳ ಸ್ಥಾನ ಅಕ್ಕನವರು ಮಲಗುವ ಕೋಣೆಯ ಕಿಟಕಿಯ ಬಳಿ. ಅಕ್ಕನವರಿಗೆ ಉಬ್ಬಸದ ಬಾಧೆಯುಂಟು. ಗಿಡಗಳು ರಾತ್ರಿಯಲ್ಲಿ ವಿಷವಾಯುವನ್ನು ಕಾರುವುವಾದುದರಿಂದ ಅವನ್ನು ಹೊರಗೆ ಹಾಕಬೇಕೆಂದು ನೆರೆಯವರು ಒತ್ತಾಯಮಾಡಿದರು. ಅಣ್ಣನ ಮಗನು ರಜಕ್ಕೆ ಬಂದವನು ಇದಕ್ಕೆ ತೀರ ವಿರುದ್ಧವಾದ ಸಲಹೆ ಕೊಟ್ಟನು: "ಅತ್ತೆ, ಆ ವಾಯುವೇ ಗಿಡಕ್ಕೆ ಊಟ. ಒಂದು ಸಿಲಿಂಡರು ತಂದು ನಳಿಗೆಯಿಂದ ಹಗಲೆಲ್ಲ ಬಿಟ್ಟರೆ ಹೂವು ಇಮ್ಮಡಿಯಾಗುತ್ತದೆ."

ಅಕ್ಕನವರು ನನ್ನನ್ನು ಕರೆದು, "ಒಬ್ಬರು ಆ ಗಾಳಿ ನನ್ನ ಪ್ರಾಣ ತೆಗೆಯುತ್ತದೆ ಅನ್ನುತ್ತಾರೆ, ಇವನು ಅದನ್ನೇ ದುಡ್ಡು ಕೊಟ್ಟು ತರುತ್ತೇನೆ ಅನ್ನುತ್ತಾನೆ. ಗಿಡಗಳು ಹೋಗಬೇಕೋ ನಾನು ಹೋಗಬೇಕೋ, ನಿಶ್ಚಯಮಾಡಿ ಹೇಳಪ್ಪ" ಎಂದರು. ಮಾತು ನಗೆಯದಾದರೂ ಕಣ್ಣಿನಲ್ಲಿ ನಗೆಯಿರಲಿಲ್ಲ.

ಇಬ್ಬರೂ ಹೇಳಿದ ವಾಯು ಒಂದೇ, ಅಂಗಾರಾಮ್ಲವಾಯು. ಸಾಮಾನ್ಯ ಗಿಡಗಳು ಅದನ್ನು ಹಗಲಿನಲ್ಲಿ ಎಲೆಯ ರಂಧ್ರಗಳಿಂದ ಒಳಗೊಂಡು, ಸೂರ್ಯನ ಬೆಳಕಿನಲ್ಲಿ ಸಕ್ಕರೆಯಾಗಿ ಮಾಡಿಕೊಳ್ಳುವುವು. ಆದರೆ ವಾಂಡಾ, ಫೆಲನಾಪ್ಸಿಸ್ ಮೊದಲಾದ ದಪ್ಪ ಎಲೆಯ ಆರ್ಕಿಡ್‌ಗಳು ಬಿಸಿಲಿನಲ್ಲಿ ರಂಧ್ರಗಳನ್ನು ತೆರೆದರೆ ನೀರು ಆವಿಯಾಗಿ ಹೋಗುವುದು. ಅದಕ್ಕಾಗಿ ಅವು ಹೆಚ್ಚಾಗಿ ಇರುಳಿನಲ್ಲಿಯೇ ರಂಧ್ರ ತೆರೆದು, ವಾಯುವನ್ನು ಹುಳಿಯ ರೂಪದಲ್ಲಿ ಸಂಗ್ರಹಿಸಿ, ಹಗಲಿನಲ್ಲಿ ಬಾಗಿಲು ಮುಚ್ಚಿಕೊಂಡು ಅಡಿಗೆ ಮಾಡುವುವು. ಬಂಡೀಪುರದ ಹೆದ್ದಾರಿಯು 2009ರಿಂದ ಈಚೆಗೆ ರಾತ್ರಿ 9ರಿಂದ ಬೆಳಿಗ್ಗೆ 6ರ ವರೆಗೆ ಸಾಮಾನ್ಯ ವಾಹನಗಳಿಗೆ ಮುಚ್ಚಿರುವುದಷ್ಟೆ. ಈ ಎಲೆಗಳ ಹೆದ್ದಾರಿ ತೆರೆಯುವುದೇ ಆ ಹೊತ್ತಿನಲ್ಲಿ!

ಈ ಗುಟ್ಟಿನ ಸುಳಿವು ಕೊಟ್ಟವರಲ್ಲಿ ಒಬ್ಬನು ನಮ್ಮ ನಾಡಿಗೆ ಸಂಬಂಧಪಟ್ಟವನು. ಟಿಪ್ಪುಸುಲ್ತಾನನ ತರುವಾಯ ಬೆಂಗಳೂರಿನ ಲಾಲ್‌ಬಾಗನ್ನು ಕೆಲಕಾಲ ನೋಡಿಕೊಂಡ ಬೆಂಜಮಿನ್ ಹೈನೆಯು, ಕಾಡುಬಸಳೆಯ ಎಲೆ ಮುಂಜಾನೆ ಹುಳಿಯಾಗಿಯೂ ಮಧ್ಯಾಹ್ನ ರುಚಿಯಿಲ್ಲದೆಯೂ ಇರುವುದನ್ನು ನಾಲಗೆಯಿಂದಲೇ ಕಂಡುಕೊಂಡನು. ಅವನ ಪತ್ರವು 1815ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಇದನ್ನು ಕೇಳಿದ ಅಕ್ಕನವರು ಹಿತ್ತಲಿನ ಕಾಡುಬಸಳೆಯ ಚೂರೊಂದನ್ನು ಮುಂಜಾನೆಯೂ ನಡುಹಗಲಲ್ಲಿಯೂ ನಾಲಗೆಗೆ ತಾಕಿಸಿ ಉಗುಳಿ, "ನಿಜವಪ್ಪ, ಹುಳಿ ಎಲ್ಲಿಯೋ ಹೋಯಿತು!" ಎಂದರು. ಗಿಡಗಳನ್ನು ಹೊರಹಾಕುವ ಮಾತು ಅಲ್ಲಿಗೆ ನಿಂತಿತು.

ಉಳಿದುದು ಸಿಲಿಂಡರಿನ ವಿಚಾರ. ಹೊರಗಿನ ಗಾಳಿಯ 10,000 ಪಾಲಿನಲ್ಲಿ ಈ ವಾಯು 4 ಪಾಲಿಗಿಂತ ಸ್ವಲ್ಪ ಹೆಚ್ಚು. ಮುಚ್ಚಿದ ಗಾಜಿನ ಮನೆಗಳಲ್ಲಿ ವ್ಯಾಪಾರಕ್ಕಾಗಿ ಬೆಳೆಯುವವರು ಅದನ್ನು 8-10 ಪಾಲಿಗೆ ಏರಿಸುವುದುಂಟು. ಆದರೆ ಬೆಳಕು, ನೀರು, ಗೊಬ್ಬರ ಕಡಮೆಯಿದ್ದಲ್ಲಿ ವಾಯುವೊಂದನ್ನೇ ಹೆಚ್ಚಿಸಿ ಫಲವಿಲ್ಲ. ಇರುಳಿನಲ್ಲಿ ಉಣ್ಣುವ ಗಿಡಕ್ಕೆ ಹಗಲೆಲ್ಲ ಬಡಿಸುವುದಂತೂ ವ್ಯರ್ಥ. ಅಪಾಯವನ್ನೂ ಲೆಕ್ಕ ಹಾಕಿದೆವು. 10 ಕಿಲೋ ವಾಯುವು ಸೋರಿದರೆ ಸುಮಾರು 5,500 ಲೀಟರು ಆಗುವುದು. ಹತ್ತಡಿ ಉದ್ದಗಲ ಎತ್ತರದ ಕೋಣೆಯ ಗಾಳಿ ಸುಮಾರು 28,000 ಲೀಟರು. ನೂರಕ್ಕೆ 4 ಪಾಲಾದರೇ ಪ್ರಾಣಾಪಾಯವಿರುವಲ್ಲಿ ಇದು ಐದರಲ್ಲೊಂದು ಪಾಲಿಗೆ ಹತ್ತಿರವಾಯಿತು! ಅಲ್ಲದೆ ಈ ವಾಯು ಗಾಳಿಗಿಂತ ಒಂದೂವರೆ ಪಾಲು ಭಾರವಾದುದರಿಂದ ನೆಲದಲ್ಲಿ ತಂಗುವುದು. ಅಕ್ಕನವರು ಮಲಗುವುದು ನೆಲದ ಚಾಪೆಯ ಮೇಲೆ. ಲೆಕ್ಕ ಮುಗಿಯುವ ಮೊದಲೇ ಹುಡುಗನ ಮುಖ ಕಂದಿತು. ಅವನೇ ಕಾಗದವನ್ನು ಹರಿದುಹಾಕಿದನು.

ಇದ್ದಲಿನ ಅಗ್ಗಿಷ್ಟಿಕೆಯನ್ನು ಕೋಣೆಯಲ್ಲಿಟ್ಟು ಈ ವಾಯುವನ್ನು ಉಂಟುಮಾಡುವ ಯೋಚನೆ ಯಾರಿಗಾದರೂ ಬಂದರೆ ಅದನ್ನು ಕೂಡಲೇ ಬಿಡತಕ್ಕದ್ದು. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡು ವಾಸನೆಯಿಲ್ಲದೆ ಕೊಲ್ಲುವುದು. ಹೊಗೆಯಲ್ಲಿನ ಎಥಿಲೀನು ಮೊಗ್ಗುಗಳನ್ನು ಬಾಡಿಸುವುದು.

ವಾಚಕ ಸೋದರಿಯರೇ, ಮನುಷ್ಯನೊಬ್ಬನು ದಿನಕ್ಕೆ ಸುಮಾರು ಒಂದು ಕಿಲೋ ಅಂಗಾರಾಮ್ಲವಾಯುವನ್ನು ಹೊರಬಿಡುವನು. ಕಿಟಕಿ ಮುಚ್ಚಿ ಮಲಗಿದ ಕೋಣೆಯಲ್ಲಿ ಬೆಳಗಾಗುವಷ್ಟರಲ್ಲಿ ಅದು ಗಾಜಿನ ಮನೆಯ 10 ಪಾಲನ್ನೂ ಸುಲಭವಾಗಿ ಮೀರುವುದು. ಹನ್ನೊಂದು ಕುಂಡಗಳು ಅದನ್ನೆಲ್ಲ ಉಂಡು ತೀರಿಸಲಾರವು; ಆದಕಾರಣ ಗಿಡಗಳಿದ್ದರೂ ಇಲ್ಲದಿದ್ದರೂ ಮಲಗುವ ಕೋಣೆಗೆ ತೆರೆದ ಕಿಟಕಿಯೇ ಮದ್ದು. ಕಾಡಿನ ಕೊಂಬೆಯ ಮೇಲೆ ಯಾರೂ ಸಿಲಿಂಡರು ಕಟ್ಟಿಲ್ಲ. ಬೀಸುವ ತಂಗಾಳಿಯಲ್ಲಿ ಬಂದಷ್ಟನ್ನು ಗಿಡವು ಇರುಳೆಲ್ಲ ಕೂಡಿಟ್ಟುಕೊಂಡು ಬೆಳಗಿಗಾಗಿ ಕಾಯುವುದು. ಮನೆಯವರಿಗೂ ಗಿಡಕ್ಕೂ ಒಂದೇ ಕಿಟಕಿಯಿಂದ ಹಿತವಾಗುವಾಗ, ಅದಕ್ಕಿಂತ ಅಗ್ಗದ ಉಪಚಾರ ಬೇರೆ ಯಾವುದು?