ಸ್ಟೆತಸ್ಕೋಪ್ ಇಲ್ಲದ ಡಾಕ್ಟರು

ಮೊಮ್ಮಗಳು ಎಂಬಿಬಿಎಸ್ ಮುಗಿಸಿದಾಗ ಬೀದಿಗೆಲ್ಲ ಮೈಸೂರುಪಾಕು ಹಂಚಿದವನು ನಾನು. ಮಕ್ಕಳ ಡಾಕ್ಟರೋ ಹೃದಯದ ಡಾಕ್ಟರೋ ಆಗುತ್ತಾಳೆ, ಮನೆ ಮುಂದೆ ಬೋರ್ಡು ಬೀಳುತ್ತದೆ ಎಂದು ಲೆಕ್ಕ ಹಾಕಿದ್ದೆ. ಅವಳು ಎಂ.ಡಿ.ಗೆ ಆರಿಸಿಕೊಂಡಿದ್ದು ಪೆಥಾಲಜಿ. ‘ರ‍್ಯಾಂಕು ಕಡಿಮೆ ಬಂತಾ ಪುಟ್ಟಿ?’ ಎಂದು ಕೇಳಿಬಿಟ್ಟೆ. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ನನಗೆ ಗೊತ್ತಿದ್ದಿದ್ದು ಇಷ್ಟೇ: ಪೆಥಾಲಜಿ ಅಂದರೆ ರಕ್ತ, ಮೂತ್ರದ ಲ್ಯಾಬು. ಯಂತ್ರ ಚೀಟಿ ಕೊಡುತ್ತದೆ, ಡಾಕ್ಟರಿಗೇನು ಕೆಲಸ?

ಮೂರನೆಯ ದಿನ ಕಾಫಿ ಲೋಟ ಹಿಡಿದು ಅವಳೇ ಪಕ್ಕದಲ್ಲಿ ಕೂತಳು. “ತಾತ, ಅಜ್ಜಿಯ ರಿಪೋರ್ಟು ನೆನಪಿದೆಯಾ?”

ಮರೆಯುವುದುಂಟೆ! ಆಗ ಪುಟ್ಟಿ ಏಳನೇ ಕ್ಲಾಸು. ನನ್ನ ಹೆಂಡತಿಯ ಕುತ್ತಿಗೆಯಲ್ಲಿ ಗಂಟು ಎದ್ದಿತ್ತು. ಕ್ಯಾನ್ಸರ್ ಇರಬಹುದು ಅಂದರು, ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ದಿನಾ ಹೋಗಿ ಕೌಂಟರಿನ ಮುಂದೆ ನಿಲ್ಲುತ್ತಿದ್ದೆ, ‘ನಾಳೆ ಬನ್ನಿ’ ಅನ್ನುತ್ತಿದ್ದರು. ನಾನೂ ಬ್ಯಾಂಕಿನ ಕೌಂಟರಿನಲ್ಲಿ ಎಷ್ಟು ಜನಕ್ಕೆ ಹಾಗಂದಿದ್ದೇನೋ! ಒಂಬತ್ತನೆಯ ದಿನ ರಿಪೋರ್ಟು ಬಂತು. ಕ್ಯಾನ್ಸರ್ ಅಲ್ಲ, ಕ್ಷಯದ ಗಂಟು. ಆರು ತಿಂಗಳು ಮಾತ್ರೆ ನುಂಗಿ ಗುಣವಾದಳು. ಈಗಲೂ ಹುಣಿಸೆಹಣ್ಣು ಬಿಡಿಸುತ್ತಾ ನನ್ನನ್ನು ಗದರುತ್ತಾಳೆ.

“ಅದನ್ನು ಬರೆದವರು ಅಜ್ಜೀನ ನೋಡೇ ಇಲ್ಲ. ಅಜ್ಜಿಯೂ ಅವರನ್ನು ನೋಡಿಲ್ಲ. ಆಗಿನಿಂದ ನನಗೆ ಆ ಸಹಿ ಯಾರದು ಅಂತಲೇ ಕುತೂಹಲ” ಅಂದಳು ಪುಟ್ಟಿ.

ಆಮೇಲೆ ವಿವರಿಸಿದಳು. ಮಕ್ಕಳೇ, ನೀವೂ ಕೇಳಿ. ತೆಗೆದ ಚೂರು ಕೆಡದಂತೆ ಫಾರ್ಮಲಿನ್‌ನಲ್ಲಿ ಇಡುತ್ತಾರೆ. ಮೇಣದೊಳಗೆ ಕೂರಿಸಿ ಮೂರರಿಂದ ಐದು ಮೈಕ್ರಾನ್ ತೆಳುವಾಗಿ ಕತ್ತರಿಸುತ್ತಾರೆ. ನಿಮ್ಮ ತಲೆಗೂದಲು ಇದರ ಹತ್ತು ಪಟ್ಟಿಗಿಂತಲೂ ದಪ್ಪ! ಬಣ್ಣ ಹಾಕಿದಾಗ ಜೀವಕೋಶದ ನಡುವಿನ ಬೀಜ ನೀಲಿ, ಸುತ್ತಲಿನದು ಗುಲಾಬಿ. ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಯಾವ ರೋಗವೆಂದು ಹೇಳುವವರು ಪೆಥಾಲಜಿಸ್ಟ್. ಕೆಲವು ಸಲ ರೋಗಿ ಆಪರೇಷನ್ ಮೇಜಿನ ಮೇಲಿರುವಾಗಲೇ ಚೂರು ಬರುತ್ತದೆ. ಅದನ್ನು ಹೆಪ್ಪುಗಟ್ಟಿಸಿ, ಕತ್ತರಿಸಿ, ಸುಮಾರು ಇಪ್ಪತ್ತು ನಿಮಿಷದಲ್ಲಿ ಉತ್ತರ ಹೇಳಬೇಕು. ಅಲ್ಲಿಯವರೆಗೆ ಸರ್ಜನ್ ಕಾಯುತ್ತಾರೆ.

ಅಂದರೆ ಚೆಕ್ಕಿನ ಸಹಿಯನ್ನು ನಮೂನೆ ಕಾರ್ಡಿನ ಜೊತೆ ಹೋಲಿಸಿ ನೋಡುವ ಹಾಗೆ ಅಂದೆ. “ಹೌದು ತಾತ, ಖೋಟಾ ಸಹಿ ಹಿಡಿಯೋದು” ಎಂದು ನಕ್ಕಳು.

ಬೇರೆ ಕಾರಣಗಳೂ ಇದ್ದವು. ಎರಡನೇ ವರ್ಷದಲ್ಲಿ ಒಬ್ಬ ಮೇಡಂ ಸ್ಲೈಡುಗಳನ್ನು ಕಥೆ ಹೇಳಿದಂತೆ ತೋರಿಸುತ್ತಿದ್ದರಂತೆ. “ರಾತ್ರಿ ಡ್ಯೂಟಿ ಕಡಿಮೆ ಅನ್ನೋದೂ ಒಂದು, ಸುಳ್ಳು ಹೇಳಲ್ಲ” ಅಂದಳು. ಒಂದೇ ಹಿಂಜರಿಕೆ ಇತ್ತಂತೆ: ಜನ ನನ್ನನ್ನು ಡಾಕ್ಟರು ಅಂತಾರಾ? “ಅದನ್ನ ಮೊದಲು ಕೇಳಿದ್ದು ನೀವೇ.”

ನಾನು ಮಾತಾಡಲಿಲ್ಲ. ಒಳಗಿಂದ ಹೆಂಡತಿ, “ಸದ್ಯ, ನನ್ನ ಗಂಟು ಇವರ ಕೈಗೆ ಸಿಕ್ಕಲಿಲ್ಲ, ಬಡ್ಡಿ ಹಾಕಿಬಿಡ್ತಿದ್ರು” ಅಂದಳು.

ಆ ರಾತ್ರಿ ಬೀರುವಿನಿಂದ ಹಳೆಯ ಫೈಲು ತೆಗೆದೆ. ರಿಪೋರ್ಟಿನ ಕೆಳಗೆ ನೀಲಿ ಶಾಯಿಯ ಸಹಿ ಹಾಗೇ ಇದೆ. ಮೂವತ್ತಾರು ವರ್ಷ ಊರಿನವರ ಸಹಿಯನ್ನೆಲ್ಲ ಓದಿದವನು ನಾನು. ಭೂತಗನ್ನಡಿ ಹಿಡಿದು ನೋಡಿದೆ. ಹೆಸರು ಓದಲಾಗಲಿಲ್ಲ.