ಕಂಪ್ಲಿಯ ಗದ್ದೆಯೂ ನನ್ನ ಹಲ್ಲೂ

ಹಲ್ಲಿದ್ದರೆ ಕಡಲೆಯಿಲ್ಲ, ಕಡಲೆಯಿದ್ದರೆ ಹಲ್ಲಿಲ್ಲವೆಂದು ಹಿರಿಯರು ನೊಂದುಕೊಂಡರು. ನನ್ನಲ್ಲಿ ಎರಡೂ ಇದ್ದವು. ಅಗಿಯುವ ಧೈರ್ಯವೊಂದು ಇರಲಿಲ್ಲ.

ಹೊಸಪೇಟೆಗೆ ಹೋಗಿ ದವಡೆ ಹಲ್ಲಿನ ಹುಳುಕು ತೆಗೆಸಿ, ಹಲ್ಲಿನ ಬಣ್ಣದ್ದೇ ಆದ ರಾಳವನ್ನು ತುಂಬಿಸಿಕೊಂಡು ಬಂದಿದ್ದೆನು. ನೋಡಲು ಬಲು ಸೊಗಸು. ಆದರೆ ಅಂದಿನಿಂದಲೇ ಕಚ್ಚಿದೊಡನೆ ಮಿಂಚು ಹೊಡೆದಂತಹ ನೋವು. ತಣ್ಣೀರು ಸೋಕಿದರೂ ಜುಮ್ಮೆನ್ನುವುದು. “ಕೀಳಿಸಿಬಿಡಿ, ಪೀಡೆ ತೊಲಗಲಿ” ಎಂದರು ಮನೆಯವರು. ವೈದ್ಯರನ್ನು ಮನಸಾರೆ ಶಪಿಸುತ್ತ, ಕೀಳಿಸಲೆಂದೇ ಇನ್ನೊಬ್ಬ ವೈದ್ಯೆಯಲ್ಲಿಗೆ ಹೋದೆನು.

ಆಕೆ ಪರೀಕ್ಷಿಸಿ, “ತಮ್ಮದು ಯಾವ ಊರು?” ಎಂದು ಕೇಳಿದರು. ಕಂಪ್ಲಿಯೆಂದೆನು. “ಹಾಗಾದರೆ ಗದ್ದೆ ಒಣಗುವುದನ್ನು ಕಂಡಿರುವಿರಿ!” ಎಂದು ನಕ್ಕರು.

ಕಾಣದೆ ಉಂಟೆ? ಬೇಸಗೆಯಲ್ಲಿ ಎರೆಮಣ್ಣು ಕುಗ್ಗಿ ಬಾಯಿ ಬಿಡುವುದನ್ನು ನೋಡುತ್ತಲೇ ಬೆಳೆದವನು ನಾನು. ಮಣ್ಣು ಕುಗ್ಗುವುದು ನೀರು ಹೋಗಿ. ರಾಳ ಕುಗ್ಗುವುದು ಗಟ್ಟಿಯಾಗುವಾಗ. ನೀಲಿ ಬೆಳಕು ಬಿದ್ದೊಡನೆ ಅದರ ಬಿಡಿ ಅಣುಗಳು ಕೈಕೈ ಹಿಡಿದು ಸರಪಳಿಯಾಗುತ್ತ ಹತ್ತಿರ ಸರಿಯುವುವು. ಅಮೆರಿಕದ ರಫೆಲ್ ಬೋವೆನ್ 1962ರಲ್ಲಿ ಹಕ್ಕುಪತ್ರ ಪಡೆದ ದೊಡ್ಡ ಅಣುವಿನ ರಾಳ ಮತ್ತು ಅದಕ್ಕೆ ಬೆರೆಸುವ ಗಾಜಿನಂತಹ ಪುಡಿಯಿಂದ ಈ ಕುಗ್ಗುವಿಕೆ ಬಹಳ ತಗ್ಗಿತು, ಇಲ್ಲವಾಗಲಿಲ್ಲ. ಇಂದಿಗೂ ಗಾತ್ರದಲ್ಲಿ ಸಾಮಾನ್ಯವಾಗಿ ನೂರಕ್ಕೆ 2–3 ಭಾಗ ಕಡಮೆಯಾಗುವುದಂತೆ.

“ಅಷ್ಟರಿಂದ ಏನಾದೀತು?” ಎಂದೆನು.

“ರಾಳವು ಗೋಡೆಗಳಿಗೆ ಅಂಟಿಕೊಂಡಿದೆಯಲ್ಲ! ತಾನು ಕುಗ್ಗುವಾಗ ಅವನ್ನೂ ಒಳಕ್ಕೆ ಎಳೆಯುತ್ತದೆ. ಗೋಡೆ ಬಾಗಬೇಕು, ಇಲ್ಲವೆ ಅಂಟು ಬಿಡಬೇಕು. ಬಿಟ್ಟ ಸಂದಿನಿಂದ ಮೊದಲು ನೋವು, ಆಮೇಲೆ ಪುನಃ ಹುಳುಕು. ಪೆಟ್ಟಿಗೆಯಂತಹ ಕುಳಿಯಲ್ಲಿ ಐದು ಮುಖಗಳು ಅಂಟಿ, ಮೇಲಿನದೊಂದೇ ಬಿಡುವಾಗಿರುವುದರಿಂದ ಸೆಳೆತ ಹೆಚ್ಚು. ಆದುದರಿಂದ ಸುಮಾರು 2 ಮಿಲಿಮೀಟರಿನ ಪದರ ಪದರವಾಗಿ, ಎದುರುಬದುರು ಗೋಡೆಗಳನ್ನು ಒಮ್ಮೆಗೇ ಹಿಡಿಸದಂತೆ, ಓರೆಯಾಗಿ ತುಂಬುವುದು ವಾಡಿಕೆ. ಬೆಳಕೂ ತಳದವರೆಗೆ ಇಳಿಯಬೇಕಷ್ಟೆ. ಇದಕ್ಕೆ ಸಮಯ ಬೇಕು.”

ಸಮಯವೆಂಬ ಮಾತು ಕೇಳಿ ನನ್ನ ತಲೆ ತಗ್ಗಿತು. ಅಂದು ಬಾಯಿ ತೆರೆದುಕೊಂಡೇ ಗಡಿಯಾರ ತೋರಿಸಿ, “ಕಂಪ್ಲಿಯ ಬಸ್ಸು ಹೊರಟುಹೋಗುತ್ತದೆ, ಒಮ್ಮೆಗೇ ತುಂಬಿಬಿಡಿ” ಎಂದು ಆ ವೈದ್ಯರನ್ನು ಅವಸರಪಡಿಸಿದವನು ನಾನೇ! ಇದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಆಕೆ ಹಳೆಯದನ್ನು ತೆಗೆದು, ಪದರಕ್ಕೊಂದು ಸಲ ಬೆಳಕು ಹಿಡಿದು, ನಿಧಾನವಾಗಿ ತುಂಬಿದರು. ಎರಡು ಬಸ್ಸುಗಳು ಹೋದವು. ನಾನು ಗಡಿಯಾರ ನೋಡಲಿಲ್ಲ.

ಹಲ್ಲು ಉಳಿಯಿತು. ಈಗ ಕಡಲೆಯನ್ನು ಧೈರ್ಯವಾಗಿ ಅಗಿಯುತ್ತಿರುವೆನು. ಮೊದಲ ವೈದ್ಯರಿಗೆ ಇಟ್ಟ ಶಾಪವನ್ನು ಮಾತ್ರ, ಇಗೋ, ಎಲ್ಲರೆದುರು ಹಿಂದಕ್ಕೆ ಪಡೆದಿರುವೆನು.